ಸಹಿ ಹಾಕುವ ಮುನ್ನ: ವಿದ್ವತ್ ಪ್ರಕಟಣೆ, ಕೃತಿಸ್ವಾಮ್ಯ ಮತ್ತು ನಮ್ಮ ಗ್ರಂಥಾಲಯಗಳು



ದತ್ತಿ ಇಡುವವರ ಆಸೆ ದೊಡ್ಡದೇನಲ್ಲ. ತಾವು ದುಡಿದದ್ದರಲ್ಲಿ ಒಂದು ಪಾಲು ವಿದ್ಯೆಯ ಕೆಲಸಕ್ಕೆ ಸಲ್ಲಲಿ, ಅಸಲು ಕರಗದೆ ಉಳಿದು ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಒಳ್ಳೆಯ ಮಾತು ನಡೆಯಲಿ, ಆ ಮಾತು ಅಚ್ಚಾಗಿ ಬೇಕಾದವರ ಕೈಗೆ ಸಿಗಲಿ ಎಂಬುದಷ್ಟೆ. ಸಾರ್ವಜನಿಕರು ತೆರಿಗೆಯ ಮೂಲಕ ವಿಶ್ವವಿದ್ಯಾಲಯಕ್ಕೆ ಕೊಡುವ ಹಣದ ಹಿಂದೆ ಇರುವುದೂ ಇದೇ ಆಸೆ. ಅದು ಈಡೇರುತ್ತಿದೆಯೇ ಎಂದು ಕೇಳಿಕೊಳ್ಳಲು ಈ ದತ್ತಿ ಉಪನ್ಯಾಸದ ವೇದಿಕೆಯನ್ನು ಬಳಸಿಕೊಳ್ಳುತ್ತೇನೆ.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದುಡ್ಡಿನಲ್ಲಿ, ನಮ್ಮ ಪ್ರಯೋಗಾಲಯಗಳಲ್ಲಿ ನಡೆದ ಸಂಶೋಧನೆಯನ್ನು ನಾವೇ ಮತ್ತೆ ಹಣ ಕೊಟ್ಟು ಓದಬೇಕಾಗಿ ಬಂದಿರುವುದಕ್ಕೆ ಮುಖ್ಯ ಕಾರಣ, ಲೇಖನ ಸ್ವೀಕೃತವಾದ ದಿನ ಲೇಖಕರು ಹಾಕುವ ಒಂದು ಸಹಿ. ಆ ಸಹಿಯ ಮೇಲೆ ಲೇಖಕರಿಗೆ ಪೂರ್ತಿ ಅಧಿಕಾರವಿದೆ. ಅದನ್ನು ವಿವೇಚನೆಯಿಂದ ಬಳಸಲು ಅವರಿಗೆ ನೆರವಾಗುವುದು ಇಂದಿನ ವಿಶ್ವವಿದ್ಯಾಲಯ ಗ್ರಂಥಾಲಯದ ಮೊದಲ ಕರ್ತವ್ಯ.

1. ಆಸ್ತಿಯಾಗಿದ್ದದ್ದು ಬಾಡಿಗೆಯಾದ ಬಗೆ

ನಿಯತಕಾಲಿಕೆ ವಿಭಾಗದಲ್ಲಿ ಕೆಲಸ ಮಾಡಿದ ಹಿರಿಯರಿಗೆ ಕಾರ್ಡೆಕ್ಸ್ ಗೊತ್ತು. ಒಂದೊಂದು ಜರ್ನಲ್‌ಗೂ ಒಂದೊಂದು ಕಾರ್ಡು, ಕಾರ್ಡಿನ ಮೇಲೆ ತಿಂಗಳುಗಳ ಮನೆಗಳು. ಟಪಾಲಿನಲ್ಲಿ ಸಂಚಿಕೆ ಬಂದ ದಿನ ಆ ತಿಂಗಳ ಮನೆಯಲ್ಲಿ ಗುರುತು ಬೀಳುತ್ತಿತ್ತು. ಸಂಚಿಕೆ ಮೊಹರು ಹಾಕಿಸಿಕೊಂಡು ರ‍್ಯಾಕಿಗೆ ಹೋಗುತ್ತಿತ್ತು. ಬಾರದಿದ್ದರೆ ಪ್ರಕಾಶಕರಿಗೆ ಜ್ಞಾಪನಾ ಪತ್ರ. ವರ್ಷ ತುಂಬಿದ ಮೇಲೆ ಎಲ್ಲ ಸಂಚಿಕೆಗಳನ್ನು ಬೈಂಡರ್‌ಗೆ ಕೊಟ್ಟು, ಬೆನ್ನಿನ ಮೇಲೆ ಹೆಸರು, ಸಂಪುಟ, ಇಸವಿ ಅಚ್ಚೊತ್ತಿಸಿ, ಆಕ್ಸೆಷನ್ ನಂಬರು ಕೊಟ್ಟರೆ ಅದು ವಿಶ್ವವಿದ್ಯಾಲಯದ ಆಸ್ತಿ. ಮುಂದಿನ ವರ್ಷ ಚಂದಾ ಕಟ್ಟಲು ಹಣವಿಲ್ಲದೆ ಹೋದರೂ ಹಿಂದಿನ ಸಂಪುಟಗಳು ಎಲ್ಲಿಗೂ ಹೋಗುತ್ತಿರಲಿಲ್ಲ. ಬೇರೆ ಊರಿನ ಕಾಲೇಜಿಗೆ ಎರವಲು ಕಳಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಜರ್ನಲ್‌ಗಳು ಅಂತರ್ಜಾಲಕ್ಕೆ ಬಂದ ಮೇಲೆ ಓದುವ ಅನುಕೂಲ ಹೆಚ್ಚಿತು, ಸ್ವಾಮ್ಯ ಹೋಯಿತು. ಈಗ ಗ್ರಂಥಾಲಯ ಪಡೆಯುವುದು ಪರವಾನಗಿಯನ್ನು. ಸ್ವಂತ ಮನೆಯಲ್ಲಿದ್ದವರು ಬಾಡಿಗೆ ಮನೆಗೆ ಬಂದಂತೆ: ಯಾರು ಒಳಗೆ ಬರಬಹುದು, ಎಷ್ಟು ಪುಟ ಇಳಿಸಿಕೊಳ್ಳಬಹುದು, ಕರಾರು ಮುಗಿದ ಮೇಲೆ ಏನು ಉಳಿಯುತ್ತದೆ ಎಂಬುದೆಲ್ಲ ಮಾಲೀಕರು ಬರೆದ ಷರತ್ತಿನಂತೆ.

ಇದರ ಹಿನ್ನೆಲೆ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಆರಂಭಿಸಿದಂದಿನಿಂದ ಬಹುಕಾಲ ವಿಜ್ಞಾನ ಪತ್ರಿಕೆಗಳು ಹೆಚ್ಚಾಗಿ ವಿದ್ವತ್ ಸಂಘಗಳ ಕೈಯಲ್ಲಿದ್ದವು. ಎರಡನೆಯ ಮಹಾಯುದ್ಧದ ನಂತರ ಸರ್ಕಾರಗಳು ಸಂಶೋಧನೆಗೆ ಹಣ ಸುರಿದಾಗ ಲೇಖನಗಳ ಪ್ರವಾಹವೇ ಬಂತು. ಸಂಘಗಳು ಅದನ್ನು ನಿಭಾಯಿಸಲಾರದೆ ಹೋದಲ್ಲಿ ವ್ಯಾಪಾರಿ ಪ್ರಕಾಶಕರು ಮುಂದೆ ಬಂದರು. ರಾಬರ್ಟ್ ಮ್ಯಾಕ್ಸ್‌ವೆಲ್ ಕಟ್ಟಿದ ಪರ್ಗಮನ್ ಪ್ರೆಸ್ ಹೊಸ ಹೊಸ ವಿಷಯಗಳಿಗೆ ಹೊಸ ಹೊಸ ಪತ್ರಿಕೆ ತೆರೆಯುತ್ತ ಬೆಳೆದು, 1991ರಲ್ಲಿ ಎಲ್ಸೆವಿಯರ್ ಪಾಲಾಯಿತು.

ಈ ವ್ಯಾಪಾರದಲ್ಲಿ ಕಚ್ಚಾ ಸಾಮಗ್ರಿಗೆ ಬೆಲೆಯಿಲ್ಲ. ಲೇಖನ ಬರೆಯುವವರಿಗೆ ಸಂಬಳ ಕೊಡುವುದು ವಿಶ್ವವಿದ್ಯಾಲಯ. ಅದನ್ನು ಪರಿಶೀಲಿಸುವ ತಜ್ಞರು ಸಂಭಾವನೆ ಪಡೆಯುವುದಿಲ್ಲ. ಒಂದು ಲೇಖನದ ಬದಲು ಇನ್ನೊಂದನ್ನು ಓದಿ ಕೆಲಸ ಸಾಗಿಸಲು ಬರುವುದಿಲ್ಲವಾದ್ದರಿಂದ ಬೆಲೆ ಏರಿದರೂ ಗ್ರಂಥಾಲಯ ಕೊಳ್ಳಲೇಬೇಕು. ಎಲ್ಸೆವಿಯರ್‌ನಂಥ ಕಂಪನಿಯ ಲಾಭದ ಪ್ರಮಾಣ ವರ್ಷಗಳಿಂದ ಶೇ 30ಕ್ಕಿಂತ ಮೇಲಿರುವುದರ ಗುಟ್ಟು ಇದು. 2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಲಹಾ ಸಮಿತಿ, ಕೆಲವೇ ದೊಡ್ಡ ಪ್ರಕಾಶಕರ ಜರ್ನಲ್‌ಗಳಿಗೆ ವರ್ಷಕ್ಕೆ ಸುಮಾರು 37.5 ಲಕ್ಷ ಡಾಲರ್ ಹೋಗುತ್ತಿದೆ, ಇದು ಹೀಗೇ ಮುಂದುವರಿಯಲಾಗದು ಎಂದು ತನ್ನ ಅಧ್ಯಾಪಕರಿಗೆ ಬರೆಯಿತು. ಜಗತ್ತಿನ ಅತಿ ಶ್ರೀಮಂತ ವಿಶ್ವವಿದ್ಯಾಲಯಕ್ಕೇ ಹೊರೆಯಾದದ್ದು ನಮ್ಮ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿಗೆ ಎಟುಕುವುದೆಲ್ಲಿಂದ?

ಭಾರತದ ಗ್ರಂಥಾಲಯಗಳು ಇದಕ್ಕೆ ಕಂಡುಕೊಂಡ ದಾರಿ ಒಟ್ಟಾಗಿ ಕೊಳ್ಳುವುದು. ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ಹೆಲಿನೆಟ್ ಒಕ್ಕೂಟವನ್ನು ಕಟ್ಟಿ ವೈದ್ಯಕೀಯ ಕಾಲೇಜುಗಳಿಗೆ ಜರ್ನಲ್‌ಗಳನ್ನು ಒದಗಿಸಿತು. ರಾಷ್ಟ್ರಮಟ್ಟದಲ್ಲಿ ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸುವ ಕೇಂದ್ರವಾದ ಇನ್‌ಫ್ಲಿಬ್‌ನೆಟ್ ಮೂಲಕ ಯುಜಿಸಿ-ಇನ್ಫೋನೆಟ್, ಮುಂದೆ ಇ-ಶೋಧಸಿಂಧು ಬಂದವು. ಈ ಒಕ್ಕೂಟಗಳಿಲ್ಲದಿದ್ದರೆ ಒಂದು ಪೀಳಿಗೆಯ ಸಂಶೋಧಕರು ಬರಿಗೈಯಲ್ಲಿ ಕೂರಬೇಕಿತ್ತು. ಆದರೆ ಒಟ್ಟಾಗಿ ಕೊಂಡರೂ ಅದು ಬಾಡಿಗೆಯೇ.

2. ಆ ಒಂದು ಕಾಗದ

ಲೇಖನ ಸ್ವೀಕೃತವಾಯಿತೆಂಬ ಇ-ಮೇಲ್ ಬಂದ ಖುಷಿಯಲ್ಲಿ ಅದರ ಜೊತೆಗೇ ಬಂದ ಇನ್ನೊಂದು ಕಾಗದವನ್ನು ಯಾರೂ ಪೂರ್ತಿ ಓದುವುದಿಲ್ಲ. ಅದು ಕೃತಿಸ್ವಾಮ್ಯ ವರ್ಗಾವಣೆಯ ಒಪ್ಪಂದ. ಸಾಮಾನ್ಯವಾಗಿ ಒಂದೆರಡು ಪುಟ, ಸಣ್ಣ ಅಕ್ಷರ. ಈ ಲೇಖನದ ಕೃತಿಸ್ವಾಮ್ಯವನ್ನು ಜಗತ್ತಿನ ಎಲ್ಲ ದೇಶಗಳಿಗೆ, ಅದರ ಪೂರ್ತಿ ಅವಧಿಗೆ, ಎಲ್ಲ ರೂಪಗಳಲ್ಲಿ ಪ್ರಕಾಶಕರಿಗೆ ಒಪ್ಪಿಸಿದ್ದೇನೆ ಎಂಬ ಒಕ್ಕಣೆ ಅದರಲ್ಲಿರುತ್ತದೆ. ಕೆಳಗೆ ಒಂದು ಚೌಕ, ಒಂದು ಗುಂಡಿ. ಒತ್ತಿದರೆ ಮುಗಿಯಿತು. ಐದು ವರ್ಷ ದುಡಿದು ಕಂಡುಕೊಂಡದ್ದನ್ನು ತಮ್ಮದೇ ತರಗತಿಯ ವಿದ್ಯಾರ್ಥಿಗಳಿಗಾಗಿ ಜಾಲತಾಣದಲ್ಲಿ ಹಾಕಲು ಆಮೇಲೆ ಅನುಮತಿ ಕೇಳಬೇಕು.

ಕಾನೂನು ಇದನ್ನು ಕಡ್ಡಾಯ ಮಾಡಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಕೆಲವು ಅಪವಾದಗಳನ್ನು ಬಿಟ್ಟರೆ, ಕೃತಿಯ ಮೊದಲ ಒಡೆಯ ಅದನ್ನು ಬರೆದವರೇ. 19ನೇ ಕಲಮು ಇನ್ನೂ ಮುಂದೆ ಹೋಗಿ ಲೇಖಕರ ಬೆನ್ನಿಗೆ ನಿಲ್ಲುತ್ತದೆ. ಬರಹದಲ್ಲಿ, ಸಹಿಯೊಂದಿಗೆ ಇರದ ವರ್ಗಾವಣೆಗೆ ಬೆಲೆಯಿಲ್ಲ. ಎಷ್ಟು ಅವಧಿಗೆ ಎಂದು ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅಂದರೆ ಕಾನೂನು ಮೌನವಾಗಿರುವ ಕಡೆಯಲ್ಲೆಲ್ಲ ಲೇಖಕರ ಪರ ವಾಲುತ್ತದೆ. ಅದನ್ನು ತಿರುಗಿಸುವುದು ನಾವು ಓದದೆ ಸಹಿ ಹಾಕುವ ಕಾಗದ. ಪ್ರಕಟಿಸಲು ಪ್ರಕಾಶಕರಿಗೆ ಬೇಕಿರುವುದು ಪ್ರಕಟಣೆಯ ಪರವಾನಗಿಯಷ್ಟೆ. ಅದಕ್ಕೆ ಸ್ವಾಮ್ಯವನ್ನೇ ಬರೆದುಕೊಡಬೇಕಾಗಿಲ್ಲ.

ಶಿಕ್ಷಣಕ್ಕೆ ಈ ಕಾಯ್ದೆ ಎಷ್ಟು ಜಾಗ ಬಿಟ್ಟಿದೆ ಎಂಬುದಕ್ಕೆ ದೆಹಲಿ ವಿಶ್ವವಿದ್ಯಾಲಯದ ಮೊಕದ್ದಮೆ ಸಾಕ್ಷಿ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ರಾಮೇಶ್ವರಿ ಫೋಟೊಕಾಪಿ ಸರ್ವಿಸ್ ಎಂಬ ಜೆರಾಕ್ಸ್ ಅಂಗಡಿಯವರು, ಅಧ್ಯಾಪಕರು ಗೊತ್ತುಮಾಡಿದ ಅಧ್ಯಾಯಗಳನ್ನು ಪ್ರತಿ ತೆಗೆದು, ಒಟ್ಟಿಗೆ ಹೊಲಿದು, ವಿದ್ಯಾರ್ಥಿಗಳಿಗೆ ಮಾರುತ್ತಿದ್ದರು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ಮುದ್ರಣಾಲಯಗಳು ಮತ್ತು ಟೇಲರ್ ಆ್ಯಂಡ್ ಫ್ರಾನ್ಸಿಸ್ ಆ ಅಂಗಡಿ ಮತ್ತು ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದವು. ವಿದ್ಯಾರ್ಥಿಗಳೂ ಅಧ್ಯಾಪಕರೂ ಸಂಘ ಕಟ್ಟಿಕೊಂಡು ಮೊಕದ್ದಮೆಯಲ್ಲಿ ಸೇರಿಕೊಂಡರು. 2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ದಾವೆಯನ್ನು ವಜಾ ಮಾಡಿದರು. ಅದೇ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ ಕೆಲವು ಪ್ರಶ್ನೆಗಳನ್ನು ವಿಚಾರಣೆಗೆ ಮರಳಿಸಿತಾದರೂ, 52ನೇ ಕಲಮಿನ ಬೋಧನಾ ವಿನಾಯಿತಿ ತರಗತಿಯ ನಾಲ್ಕು ಗೋಡೆಗಳಿಗೆ ಸೀಮಿತವಲ್ಲ, ಪಾಠದ ತಯಾರಿಯಿಂದ ಹಿಡಿದು ಇಡೀ ಬೋಧನೆಗೆ ಅನ್ವಯಿಸುತ್ತದೆ ಎಂಬ ಮೂಲ ನಿಲುವನ್ನು ಎತ್ತಿಹಿಡಿಯಿತು. 2017ರಲ್ಲಿ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು.

ಈ ತೀರ್ಪು ನಮ್ಮ ಕಾಲೇಜುಗಳ ಅಧ್ಯಾಪಕರಿಗೆ ಸರಿಯಾಗಿ ತಲುಪಿಲ್ಲ ಎಂಬುದು ನನ್ನ ಕಳವಳ. ಹಕ್ಕಿದ್ದೂ ಹೆದರುವವರು ಒಂದು ಕಡೆ, ಹಕ್ಕನ್ನು ಓದದೆ ಬಿಟ್ಟುಕೊಡುವವರು ಇನ್ನೊಂದು ಕಡೆ. ಇಬ್ಬರಿಗೂ ಬೇಕಿರುವುದು ತಿಳಿವಳಿಕೆ, ಅದನ್ನು ಕೊಡಬೇಕಾದ ಜಾಗ ಗ್ರಂಥಾಲಯ.

3. ಬೆಂಗಳೂರಿನ ಪರಂಪರೆ

ವಿದ್ವತ್ ಲೇಖನಗಳನ್ನು ಯಾರು ಬೇಕಾದರೂ ಹಣ ಕೊಡದೆ ಓದುವಂತೆ ತೆರೆದಿಡುವ ಓಪನ್ ಆಕ್ಸೆಸ್ ಎಂಬುದು ಹೊರಗಿನಿಂದ ಬಂದ ಹೊಸ ಗಾಳಿ ಎಂದು ಭಾವಿಸುವವರಿದ್ದಾರೆ. ಅವರಿಗಾಗಿ 1928ರ ಮಾರ್ಚ್ 16ನ್ನು ನೆನಪಿಸುತ್ತೇನೆ. ಅಂದು ಸಿ.ವಿ. ರಾಮನ್ ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ತಮ್ಮ ಹೊಸ ವಿಕಿರಣದ ಶೋಧವನ್ನು ವಿವರಿಸಿದರು. ‘ನೇಚರ್’ ಪತ್ರಿಕೆಗೆ ಅವರು ಟಿಪ್ಪಣಿಗಳನ್ನು ಕಳಿಸಿದ್ದರು, ನಿಜ. ಆದರೆ ಪೂರ್ಣ ಉಪನ್ಯಾಸ ಅಚ್ಚಾದದ್ದು ಕಲ್ಕತ್ತೆಯಲ್ಲಿ ಅವರೇ ಬೆಳೆಸಿದ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ, ಅದೇ ತಿಂಗಳ ಕೊನೆಯಲ್ಲಿ. ಅದರ ಪ್ರತಿಗಳನ್ನು ರಾಮನ್ ಜಗತ್ತಿನ ಭೌತವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿಕೊಟ್ಟರು. 1930ರಲ್ಲಿ ನೊಬೆಲ್ ಬಂತು. ಓದುಗರಿಂದ ಹಣ ಪಡೆಯದೆ, ನಮ್ಮದೇ ಪತ್ರಿಕೆಯಲ್ಲಿ, ಓದಬೇಕಾದವರಿಗೆ ನೇರವಾಗಿ ತಲುಪಿಸುವುದು ಎಂಬ ಮೂರೂ ಅಂಶಗಳು ಆ ಒಂದು ಪ್ರಕಟಣೆಯಲ್ಲಿವೆ.

1934ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಈ ದಾರಿಯನ್ನು ಬಿಡಲಿಲ್ಲ. ಅಕಾಡೆಮಿಯ ಜರ್ನಲ್‌ಗಳನ್ನು ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಲೇಖಕರು ಶುಲ್ಕ ಕೊಡಬೇಕಿಲ್ಲ. 1932ರಲ್ಲಿ ಬೆಂಗಳೂರಿನಿಂದಲೇ ಹೊರಟ ‘ಕರೆಂಟ್ ಸೈನ್ಸ್’ ಕೂಡ ಹಾಗೆಯೇ ತೆರೆದಿದೆ.

2002ರ ಫೆಬ್ರವರಿಯಲ್ಲಿ ಬುಡಾಪೆಸ್ಟ್ ಘೋಷಣೆ ಹೊರಬಂದು ಓಪನ್ ಆಕ್ಸೆಸ್ ಎಂಬ ಹೆಸರು ಜಗತ್ತಿಗೆ ಪರಿಚಯವಾಯಿತು. ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ಬಿ. ರಾಜಶೇಖರ್ ಮತ್ತು ಸಂಗಡಿಗರು ಸಂಸ್ಥೆಯ ವಿಜ್ಞಾನಿಗಳ ಲೇಖನಗಳಿಗಾಗಿ ಒಂದು ರೆಪಾಸಿಟರಿ, ಅಂದರೆ ಎಲ್ಲರೂ ಓದಬಹುದಾದ ಅಂತರ್ಜಾಲ ಸಂಗ್ರಹ, ತೆರೆದರು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಟ್ಟ ಇಪ್ರಿಂಟ್ಸ್ ತಂತ್ರಾಂಶ, ಒಂದು ಸರ್ವರ್, ಗ್ರಂಥಾಲಯ ವಿಜ್ಞಾನ ಬಲ್ಲ ಕೆಲವರು, ಬೇಕಾದದ್ದು ಇಷ್ಟೇ. ಭಾರತದ ಮೊದಲ ಸಾಂಸ್ಥಿಕ ರೆಪಾಸಿಟರಿ ಹೀಗೆ ನಮ್ಮೂರಲ್ಲಿ ಹುಟ್ಟಿತು.

ರೆಪಾಸಿಟರಿ ಕೆಲಸ ಮಾಡುವ ಬಗೆ ಸರಳ. ಒಂದು ಲೇಖನಕ್ಕೆ ಮೂರು ಅವಸ್ಥೆಗಳಿವೆ. ಕಳಿಸುವ ಮುನ್ನಿನ ಕರಡು, ತಜ್ಞರ ಪರಿಶೀಲನೆಯ ನಂತರ ತಿದ್ದಿ ಸ್ವೀಕೃತವಾದ ಹಸ್ತಪ್ರತಿ, ಪ್ರಕಾಶಕರು ಪುಟವಿನ್ಯಾಸ ಮಾಡಿದ ಅಂತಿಮ ರೂಪ. ಅಂತಿಮ ರೂಪವನ್ನು ಬಿಟ್ಟುಕೊಡದ ಎಷ್ಟೋ ಪ್ರಕಾಶಕರು ಎರಡನೆಯದನ್ನು ಲೇಖಕರ ಸಂಸ್ಥೆಯಲ್ಲಿ ಇಡಲು, ಕೆಲವೊಮ್ಮೆ ಕೆಲವು ತಿಂಗಳು ಕಾದ ಮೇಲೆ, ಒಪ್ಪುತ್ತಾರೆ. ಯಾವ ಜರ್ನಲ್‌ ಏನನ್ನು ಒಪ್ಪುತ್ತದೆ ಎಂಬುದು ಶೆರ್ಪಾ ರೋಮಿಯೊ ಎಂದು ಹೆಸರಾಗಿದ್ದ ಜಾಲತಾಣದಲ್ಲಿ ಸಿಗುತ್ತದೆ. ವಿಷಯದ ದೃಷ್ಟಿಯಿಂದ ಎರಡನೆಯದಕ್ಕೂ ಮೂರನೆಯದಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಪ್ರತಿ ಅಧ್ಯಾಪಕರೂ ಆ ಒಂದು ಕಡತವನ್ನು ಗ್ರಂಥಾಲಯಕ್ಕೆ ಕಳಿಸಿದರೆ ವಿಶ್ವವಿದ್ಯಾಲಯದ ಸಂಶೋಧನೆಯ ಬಹುಭಾಗ ಹೆಚ್ಚಿನ ಖರ್ಚಿಲ್ಲದೆ ತೆರೆದುಕೊಳ್ಳುತ್ತದೆ.

ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಾಗೂ ಜೈವಿಕ ತಂತ್ರಜ್ಞಾನ ಇಲಾಖೆ 2014ರ ಡಿಸೆಂಬರ್‌ನಲ್ಲಿ ಇದನ್ನೇ ನೀತಿಯಾಗಿ ಪ್ರಕಟಿಸಿದವು. ತಮ್ಮ ಅನುದಾನದಿಂದ ಹುಟ್ಟಿದ ಲೇಖನ ಸ್ವೀಕೃತವಾದ ಎರಡು ವಾರಗಳೊಳಗೆ ರೆಪಾಸಿಟರಿ ಸೇರಬೇಕು ಎಂದಿತು ಆ ನೀತಿ. ನೀತಿ ಚೆನ್ನಾಗಿದೆ, ಪಾಲನೆ ಸಾಲದು. ಪಿಎಚ್.ಡಿ. ಪ್ರಬಂಧಗಳ ವಿಷಯದಲ್ಲಿ ಮಾತ್ರ ನಾವು ಗೆದ್ದಿದ್ದೇವೆ. 2009ರ ಯುಜಿಸಿ ನಿಯಮ ಪ್ರಬಂಧದ ಸಾಫ್ಟ್ ಕಾಪಿಯನ್ನು ಒಪ್ಪಿಸುವುದನ್ನು ಕಡ್ಡಾಯ ಮಾಡಿದ್ದರಿಂದ ಇಂದು ಶೋಧಗಂಗಾ ಎಂಬ ರಾಷ್ಟ್ರೀಯ ಪ್ರಬಂಧ ಭಂಡಾರದಲ್ಲಿ ಲಕ್ಷಾಂತರ ಪ್ರಬಂಧಗಳಿವೆ. ಪದವಿಯೊಂದಿಗೆ ಗಂಟು ಹಾಕಿದ ನಿಯಮ ನಡೆಯಿತು, ಬರಿಯ ಮನವಿ ನಡೆಯಲಿಲ್ಲ. ಈ ಪಾಠವನ್ನು ಮುಂದೆ ಬಳಸಿಕೊಳ್ಳುತ್ತೇನೆ.

4. ಬಾಗಿಲು ಬದಲಾಯಿತು, ಬೆಲೆ ಉಳಿಯಿತು

ಪ್ರಕಾಶಕರು ಓಪನ್ ಆಕ್ಸೆಸನ್ನು ವಿರೋಧಿಸಿ ಕೊನೆಗೆ ತಮ್ಮದಾಗಿ ಮಾಡಿಕೊಂಡರು. ಓದುಗರಿಂದ ಪಡೆಯುತ್ತಿದ್ದ ಹಣವನ್ನು ಲೇಖಕರಿಂದ ಪಡೆಯುವುದು ಈ ಹೊಸ ಪದ್ಧತಿ. ಶುಲ್ಕ ಕಟ್ಟಿದರೆ ಲೇಖನ ಎಲ್ಲರಿಗೂ ತೆರೆದಿರುತ್ತದೆ. ‘ನೇಚರ್’ 2020ರ ಕೊನೆಯಲ್ಲಿ ಪ್ರಕಟಿಸಿದ ಶುಲ್ಕ ಒಂದು ಲೇಖನಕ್ಕೆ 9,500 ಯೂರೊ, ಅಂದರೆ 8 ಲಕ್ಷ ರೂಪಾಯಿಗೂ ಮಿಗಿಲು. 2023ರಲ್ಲಿ ಪರಿಷ್ಕೃತವಾದ ಕಿರಿಯ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ನಮ್ಮ ಸಂಶೋಧನಾ ವಿದ್ಯಾರ್ಥಿ ಸುಮಾರು ಎರಡು ವರ್ಷದ ಫೆಲೋಶಿಪ್ಪನ್ನು ಹಾಗೆಯೇ ಎತ್ತಿ ಕೊಟ್ಟರೆ ಅಂಥ ಒಂದು ಲೇಖನ ತೆರೆದುಕೊಳ್ಳುತ್ತದೆ. ಹಿಂದೆ ಬಡ ಗ್ರಂಥಾಲಯ ಓದಲಾರದೆ ಹೊರಗುಳಿಯುತ್ತಿತ್ತು. ಈಗ ಬಡ ವಿದ್ವಾಂಸ ಬರೆಯಲಾರದೆ ಹೊರಗುಳಿಯುತ್ತಾನೆ. ಇದನ್ನು ನ್ಯಾಯ ಎನ್ನಲು ನನ್ನಿಂದಾಗದು.

ಲೇಖಕರು ಹಣ ಕೊಡುವ ಪದ್ಧತಿಯ ಇನ್ನೊಂದು ಫಲ ನಕಲಿ ಜರ್ನಲ್‌ಗಳು. ಬಡ್ತಿಗೆ ಅಂಕ ಬೇಕು, ಅಂಕಕ್ಕೆ ಪ್ರಕಟಣೆ ಬೇಕು ಎಂಬ ಒತ್ತಡದಲ್ಲಿ, ಕೆಲವು ಸಾವಿರ ರೂಪಾಯಿಗೆ ಮೂರು ದಿನದಲ್ಲಿ ಏನನ್ನಾದರೂ ಅಚ್ಚು ಹಾಕುವವರು ಹುಟ್ಟಿಕೊಂಡರು. ಇದರಿಂದ ಓಪನ್ ಆಕ್ಸೆಸ್ಸಿಗೇ ಕೆಟ್ಟ ಹೆಸರು ಬಂತು. ತಪ್ಪು ತೆರೆದಿಡುವುದರಲ್ಲಿಲ್ಲ, ಗುಣವನ್ನು ಓದದೆ ಸಂಖ್ಯೆಯನ್ನು ಎಣಿಸುವ ನಮ್ಮ ನೇಮಕಾತಿ ಮತ್ತು ಬಡ್ತಿಯ ಪದ್ಧತಿಯಲ್ಲಿದೆ.

ಹಣ ತೆತ್ತು ಓದಲಾರದವರು ಸೈ-ಹಬ್‌ನಂಥ ದಾರಿ ಹಿಡಿದರು. 2011ರಲ್ಲಿ ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ ಶುರುಮಾಡಿದ, ಪ್ರಕಾಶಕರ ಅನುಮತಿಯಿಲ್ಲದೆ ಲೇಖನಗಳನ್ನು ಉಚಿತವಾಗಿ ಕೊಡುವ ಆ ತಾಣದ ವಿರುದ್ಧ 2020ರ ಡಿಸೆಂಬರ್‌ನಲ್ಲಿ ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ದೆಹಲಿ ಹೈಕೋರ್ಟಿಗೆ ಹೋದವು. ಆ ದಾರಿ ಹಿಡಿದ ವಿದ್ಯಾರ್ಥಿಯ ಹಸಿವು ನನಗೆ ಅರ್ಥವಾಗುತ್ತದೆ. ಆದರೆ ಒಂದು ಆದೇಶಕ್ಕೆ ಮುಚ್ಚಿಹೋಗುವ ಬಾಗಿಲನ್ನು ನಂಬಿ ಗ್ರಂಥಾಲಯ ಕಟ್ಟಲಾಗದು. ನಮಗೆ ಬೇಕಿರುವುದು ಕಾನೂನಿನ ಬಲವುಳ್ಳ, ನಮ್ಮದೇ ಒಡೆತನದ ವ್ಯವಸ್ಥೆ.

ಒಡೆತನದ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಮುಂಬೈಯ ಮೆಡ್‌ನೋ ಸಂಸ್ಥೆ ವೈದ್ಯಕೀಯ ಸಂಘಗಳ ಪತ್ರಿಕೆಗಳನ್ನು ಲೇಖಕರಿಂದ ಶುಲ್ಕ ಪಡೆಯದೆ ಅಂತರ್ಜಾಲದಲ್ಲಿ ತೆರೆದಿಟ್ಟು ಜಗತ್ತಿನ ಗಮನ ಸೆಳೆದಿತ್ತು. 2011ರಲ್ಲಿ ಅದನ್ನು ಪ್ರಕಾಶನ ಕಂಪನಿ ವೋಲ್ಟರ್ಸ್ ಕ್ಲೂವರ್ ಕೊಂಡಿತು. ಸಮಾಜ ವಿಜ್ಞಾನಿಗಳ ಕರಡು ಲೇಖನಗಳ ತಾಣವಾದ ಎಸ್‌ಎಸ್‌ಆರ್‌ಎನ್ 2016ರಲ್ಲಿ ಎಲ್ಸೆವಿಯರ್ ಕೈಸೇರಿತು. ತೆರೆದಿದ್ದರೆ ಸಾಲದು, ಮಾರಾಟಕ್ಕೆ ಸಿಗದಂತೆಯೂ ಇರಬೇಕು. ಅದಕ್ಕೆ ವಿಶ್ವವಿದ್ಯಾಲಯ, ಅಕಾಡೆಮಿ, ವಿದ್ವತ್ ಸಂಘಗಳೇ ನಡೆಸುವ, ಓದುಗರಿಗೂ ಲೇಖಕರಿಗೂ ಶುಲ್ಕವಿಲ್ಲದ ಪತ್ರಿಕೆಗಳು ಬೇಕು. ಜಗತ್ತು ಇದನ್ನು ಡೈಮಂಡ್ ಓಪನ್ ಆಕ್ಸೆಸ್ ಎನ್ನುತ್ತದೆ. ಬ್ರೆಜಿಲ್‌ನಲ್ಲಿ ಆರಂಭವಾದ ಸೈಯೆಲೊ ಜಾಲ 1990ರ ದಶಕದ ಕೊನೆಯಿಂದ ಸಾರ್ವಜನಿಕ ಹಣದಲ್ಲಿ ಲ್ಯಾಟಿನ್ ಅಮೆರಿಕದ ಪತ್ರಿಕೆಗಳನ್ನು ಅವರವರ ಭಾಷೆಯಲ್ಲೇ ತೆರೆದಿಟ್ಟಿದೆ.

5. ಒಂದು ದೇಶ, ಒಂದು ಚಂದಾ

2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು, ಸುಮಾರು 1.8 ಕೋಟಿ ಜನರಿಗೆ ಅನುಕೂಲ.

ಇದನ್ನು ನಾನು ತುಂಬು ಮನಸ್ಸಿನಿಂದ ಸ್ವಾಗತಿಸುತ್ತೇನೆ. ಜಿಲ್ಲಾ ಕೇಂದ್ರದ ಸರ್ಕಾರಿ ವಿಜ್ಞಾನ ಕಾಲೇಜಿನ ವಿದ್ಯಾರ್ಥಿನಿಗೆ ಐಐಟಿಯ ವಿದ್ಯಾರ್ಥಿ ಓದುವ ಪತ್ರಿಕೆಗಳೇ ಸಿಗುವುದು ದೊಡ್ಡ ಮಾತು. ಈ ಸೌಲಭ್ಯ ತಮ್ಮ ಕಾಲೇಜಿಗೆ ಬಂದಿದೆ ಎಂಬುದು ಗೊತ್ತಿಲ್ಲದ ಅಧ್ಯಾಪಕರಿದ್ದರೆ ದಯವಿಟ್ಟು ಗ್ರಂಥಪಾಲಕರನ್ನು ಕೇಳಿ ಬಳಸಿಕೊಳ್ಳಿ.

ಆದರೆ ಬಾಗಿಲಿನ ಹೊರಗೆ ಉಳಿದವರು ಬಹಳ. ಯೋಜನೆಯ ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಕಾಲೇಜಿನ ಸಂಶೋಧಕ, ನಿವೃತ್ತ ಪ್ರಾಧ್ಯಾಪಕ, ಊರಿನಲ್ಲಿ ದವಾಖಾನೆ ನಡೆಸುವ ವೈದ್ಯೆ, ಮಣ್ಣಿನ ಬಗ್ಗೆ ಓದಬೇಕೆನ್ನುವ ಕೃಷಿಕ, ಪತ್ರಕರ್ತ, ಇವರೆಲ್ಲ ತೆರಿಗೆ ಕೊಟ್ಟವರು. ಇವರಿಗೆ ಬಾಗಿಲು ತೆರೆದಿಲ್ಲ. ಮೂರು ವರ್ಷ ಮುಗಿದ ಮೇಲೆ ಮತ್ತೆ ಚೌಕಾಸಿ ಶುರುವಾಗುತ್ತದೆ, ಅಷ್ಟು ಹೊತ್ತಿಗೆ ನಾವು ಆ ಸೌಲಭ್ಯಕ್ಕೆ ಒಗ್ಗಿಹೋಗಿರುತ್ತೇವೆ. ಭಾರತೀಯರು ಬರೆದ ಲೇಖನವನ್ನು ಭಾರತೀಯರು ಓದಲು ತೆರುವ ಬಾಡಿಗೆಯೂ ಆ 6,000 ಕೋಟಿಯಲ್ಲಿ ಸೇರಿದೆ. ವರ್ಷಕ್ಕೆ 2,000 ಕೋಟಿಯಾಯಿತು. ಅದರ ನೂರರಲ್ಲಿ ಎರಡು ಪಾಲು, ಅಂದರೆ ವರ್ಷಕ್ಕೆ 40 ಕೋಟಿಯನ್ನು, ನಮ್ಮದೇ ರೆಪಾಸಿಟರಿಗಳಿಗೂ ಪತ್ರಿಕೆಗಳಿಗೂ ತೆಗೆದಿಟ್ಟರೆ ಮುಂದಿನ ಚೌಕಾಸಿಗೆ ಕೂರುವಾಗ ನಾವು ಬರಿಗೈಯಲ್ಲಿ ಕೂರಬೇಕಾಗುವುದಿಲ್ಲ. ಇದು ಈ ವೇದಿಕೆಯಿಂದ ನಾನು ಮುಂದಿಡುವ ಮೊದಲ ಬೇಡಿಕೆ.

6. ಕನ್ನಡದ ಪ್ರಶ್ನೆ

ಇದುವರೆಗೆ ಹೇಳಿದ್ದೆಲ್ಲ ಇಂಗ್ಲಿಷಿನ ಜರ್ನಲ್‌ಗಳ ಕತೆ. ಕನ್ನಡದ ವಿದ್ವತ್ತಿನ ಸ್ಥಿತಿ ಬೇರೆ, ಪರಿಹಾರವೂ ಹೆಚ್ಚು ನಮ್ಮ ಕೈಯಲ್ಲಿದೆ. ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳ್ತನದಲ್ಲಿ ಹೊರಟು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ್ದಾದ ‘ಪ್ರಬುದ್ಧ ಕರ್ಣಾಟಕ’, ಸಾಹಿತ್ಯ ಪರಿಷತ್ತಿನ ಪತ್ರಿಕೆ, ಧಾರವಾಡದ ‘ಕರ್ನಾಟಕ ಭಾರತಿ’, ಬೆಂಗಳೂರು ವಿಶ್ವವಿದ್ಯಾಲಯದ ‘ಸಾಧನೆ’ ಇವುಗಳಲ್ಲಿ ಅಚ್ಚಾದ ಶಾಸನ, ಛಂದಸ್ಸು, ಜಾನಪದ, ವ್ಯಾಕರಣದ ಲೇಖನಗಳನ್ನು ಬಿಟ್ಟು ಕನ್ನಡ ಸಂಶೋಧನೆಯ ಚರಿತ್ರೆ ಬರೆಯಲಾಗದು. ಇವುಗಳ ಮುಂದೆ ಹಣದ ಗೋಡೆಯಿಲ್ಲ. ಸಂಚಿಕೆಗಳು ಸಿಗದಿರುವುದೇ ಇವುಗಳ ಗೋಡೆ. ಬೀದರಿನಲ್ಲಿರುವ ಸಂಶೋಧಕಿಗೆ 1940ರ ದಶಕದ ಒಂದು ಲೇಖನ ಬೇಕಾದರೆ ಬಸ್ಸು ಹತ್ತಬೇಕು.

ಕೃತಿಸ್ವಾಮ್ಯದ ಭಯದಿಂದ ಇವನ್ನು ಅಂತರ್ಜಾಲಕ್ಕೆ ಏರಿಸಲು ಸಂಸ್ಥೆಗಳು ಹಿಂಜರಿಯುತ್ತವೆ. ಭಯಪಡುವ ಬದಲು ಲೆಕ್ಕ ಹಾಕೋಣ. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. 1992ಕ್ಕೆ ಮುಂಚೆ ಅದು 50 ಇತ್ತು. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಯವರ ಜೀವಿತಕಾಲದ ಬರಹಗಳು 2007ರಿಂದಲೇ ಎಲ್ಲರ ಸ್ವತ್ತು. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಸಂಶೋಧನಾ ಲೇಖನಗಳು 2024ರ ಜನವರಿ 1ರಿಂದ ಹಾಗಾಗಿವೆ. ಕೃಷ್ಣಶಾಸ್ತ್ರಿಗಳದು 2029ಕ್ಕೆ, ಕುವೆಂಪು ಅವರದು 2055ಕ್ಕೆ. ಇನ್ನೂ ಅವಧಿ ಮುಗಿಯದ ಲೇಖನಗಳ ವಿಷಯದಲ್ಲಿ, ಆ ಕಾಲದ ಪತ್ರಿಕೆಗಳು ಲೇಖಕರಿಂದ ವರ್ಗಾವಣೆಯ ಪತ್ರ ಬರೆಸಿಕೊಳ್ಳದಿದ್ದಲ್ಲಿ ಹಕ್ಕು ಸಾಮಾನ್ಯವಾಗಿ ಲೇಖಕರ ಕುಟುಂಬದಲ್ಲೇ ಇರುತ್ತದೆ. ಪ್ರೀತಿಯಿಂದ ಕೇಳಿದರೆ ಬೇಡವೆನ್ನುವ ಕುಟುಂಬಗಳು ಕಡಿಮೆ. 2014ರಲ್ಲಿ ಲೇಖಕ ನಿರಂಜನರ ಕೃತಿಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ ಎಲ್ಲರಿಗೂ ಮರುಬಳಕೆಗೆ ಅವಕಾಶ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಹಾಗೆಯೇ ತೆರೆದುಕೊಟ್ಟಿತು. ದಾರಿ ತೋರಿದವರು ನಮ್ಮಲ್ಲೇ ಇದ್ದಾರೆ.

ಇನ್ನೊಂದು ಅಡ್ಡಿ ಕಣ್ಣಿಗೆ ಕಾಣುವುದಿಲ್ಲ. ಶೋಧಗಂಗಾದಲ್ಲಿರುವ ಅನೇಕ ಕನ್ನಡ ಪ್ರಬಂಧಗಳು ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಬೆರಳಚ್ಚಾದವು, ಇಲ್ಲವೇ ಸ್ಕ್ಯಾನ್ ಮಾಡಿದ ಚಿತ್ರಗಳು. ತೆರೆಯ ಮೇಲೆ ಅಕ್ಷರ ಚೆನ್ನಾಗಿಯೇ ಕಾಣುತ್ತದೆ. ಒಂದು ಸಾಲನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ರೋಮನ್ ಅಕ್ಷರಗಳ ಗೋಜಲು ಬೀಳುತ್ತದೆ. ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಅರ್ಥವಿಲ್ಲದ ಸದ್ದು ಮಾಡುತ್ತದೆ. ಅಂಧರಿಗಾಗಿ ಪುಸ್ತಕಗಳನ್ನು ಸುಲಭಗೊಳಿಸುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ ದೇಶ ನಮ್ಮದು. 2012ರ ತಿದ್ದುಪಡಿಯಿಂದ ನಮ್ಮ ಕಾಯ್ದೆಯಲ್ಲೂ ಅದಕ್ಕೆ ಅವಕಾಶವಿದೆ. ಕಾನೂನು ಕೊಟ್ಟ ಹಕ್ಕನ್ನು ಒಂದು ಫಾಂಟು ಕಿತ್ತುಕೊಳ್ಳಬಾರದು. ಕನ್ನಡ ಪ್ರಬಂಧ ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಯೂನಿಕೋಡಿನಲ್ಲಿ ಇಲ್ಲದಿದ್ದರೆ ಸ್ವೀಕರಿಸುವುದಿಲ್ಲ ಎಂಬ ಒಂದು ಸುತ್ತೋಲೆ ಸಾಕು, ಮುಂದಿನ ಪೀಳಿಗೆಗೆ ಈ ಕಷ್ಟವಿರುವುದಿಲ್ಲ.

7. ಮಾಡಬೇಕಾದದ್ದು

ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಬರೆದಾಗ, ಒಂದು ಕಾಲದಲ್ಲಿ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಲ್ಲಿ ಬಿಗಿದಿಡುತ್ತಿದ್ದುದನ್ನು ಪ್ರಸ್ತಾಪಿಸಿದರು. ಕಾಪಾಡುವುದು ಮುಖ್ಯವೋ, ಬಳಸುವುದು ಮುಖ್ಯವೋ ಎಂಬ ಪ್ರಶ್ನೆಗೆ ಅವರ ಮೊದಲ ಸೂತ್ರವೇ ಬಳಕೆಯ ಪರ ಉತ್ತರ ಕೊಟ್ಟಿತು. ಆ ಉತ್ತರವನ್ನು ನಂಬಿದವರು ಮಾಡಬಹುದಾದ ನಾಲ್ಕು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ರಾಜ್ಯದ ಪ್ರತಿ ವಿಶ್ವವಿದ್ಯಾಲಯವೂ ರೆಪಾಸಿಟರಿ ನಡೆಸಲಿ, ಬಡ್ತಿಯ ಅರ್ಜಿಯಲ್ಲಿ ಆ ರೆಪಾಸಿಟರಿಯಲ್ಲಿರುವ ಲೇಖನಗಳನ್ನು ಮಾತ್ರ ಪರಿಗಣಿಸಲಿ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯ ಹೀಗೆ ನಿಯಮ ಮಾಡಿ ಯಶಸ್ವಿಯಾಗಿದೆ. ಶೋಧಗಂಗಾದ ಅನುಭವವೂ ಇದನ್ನೇ ಹೇಳುತ್ತದೆ.

ಎರಡನೆಯದು, ಪ್ರತಿ ಗ್ರಂಥಾಲಯದಲ್ಲಿ ಕೃತಿಸ್ವಾಮ್ಯದ ಒಪ್ಪಂದವನ್ನು ಓದಿ ಹೇಳಬಲ್ಲ ಒಬ್ಬರಿರಲಿ. ಸ್ವಾಮ್ಯವನ್ನು ನಾನೇ ಇಟ್ಟುಕೊಂಡು ಪ್ರಕಟಣೆಯ ಪರವಾನಗಿ ಕೊಡುತ್ತೇನೆ, ಸ್ವೀಕೃತ ಹಸ್ತಪ್ರತಿಯನ್ನು ನನ್ನ ಸಂಸ್ಥೆಯಲ್ಲಿ ಇಡುವ ಹಕ್ಕು ನನ್ನದು ಎಂಬ ಎರಡು ಸಾಲಿನ ಅನುಬಂಧವನ್ನು ವಿಶ್ವವಿದ್ಯಾಲಯವೇ ಸಿದ್ಧಪಡಿಸಿಕೊಡಲಿ. ಯುವ ಸಂಶೋಧಕ ಒಬ್ಬನೇ ಕೇಳಿದರೆ ಪ್ರಕಾಶಕರು ಒಪ್ಪದಿರಬಹುದು; ವಿಶ್ವವಿದ್ಯಾಲಯದ ನಿಯಮವೇ ಹೀಗಿದೆ ಎಂದರೆ ಆ ಮಾತಿಗೆ ತೂಕವಿರುತ್ತದೆ. ಹಾರ್ವರ್ಡಿನ ಕಲೆ ಮತ್ತು ವಿಜ್ಞಾನ ವಿಭಾಗದ ಅಧ್ಯಾಪಕರು 2008ರಲ್ಲಿ ಇಂಥ ನಿರ್ಣಯವನ್ನು ತಾವೇ ಅಂಗೀಕರಿಸಿದರು.

ಮೂರನೆಯದು, ನಮ್ಮ ಪ್ರಸಾರಾಂಗಗಳ ಪತ್ರಿಕೆಗಳು ಓದುಗರಿಗೂ ಲೇಖಕರಿಗೂ ಶುಲ್ಕವಿಲ್ಲದೆ ಅಂತರ್ಜಾಲದಲ್ಲಿ ಬರಲಿ. ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಲೇಖನ ಸ್ವೀಕಾರದಿಂದ ಪ್ರಕಟಣೆಯವರೆಗಿನ ಎಲ್ಲ ಕೆಲಸ ನಡೆಯುತ್ತದೆ. ಇಲ್ಲಿ ಖರ್ಚು ಬೀಳುವುದು ಸಂಪಾದಕರ ಶ್ರಮಕ್ಕೆ. ಆ ಶ್ರಮವನ್ನು ಬೋಧನೆಯ ಹೊರೆಯಲ್ಲಿ ಕಳೆದುಕೊಡುವ ಔದಾರ್ಯವನ್ನು ಆಡಳಿತ ತೋರಲಿ.

ನಾಲ್ಕನೆಯದು, ಕನ್ನಡದ ಹಳೆಯ ವಿದ್ವತ್ ಪತ್ರಿಕೆಗಳ ಲೇಖನ ಸೂಚಿ ತಯಾರಾಗಲಿ. ಒಂದೊಂದು ಲೇಖನದ ಮುಂದೆ ಲೇಖಕರು ತೀರಿಕೊಂಡ ವರ್ಷ, ಸ್ವಾಮ್ಯ ಮುಗಿಯುವ ವರ್ಷ, ಸಂಪರ್ಕಿಸಬೇಕಾದ ಕುಟುಂಬ ಎಂಬ ಮೂರು ವಿವರ ಇರಲಿ. ಕನ್ನಡ ಎಂ.ಎ. ಮತ್ತು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಜೊತೆಗೂಡಿ ಮಾಡಬಹುದಾದ ಕೆಲಸವಿದು. ಅವಧಿ ಮುಗಿದವನ್ನು ತಡವಿಲ್ಲದೆ ಯೂನಿಕೋಡಿನಲ್ಲಿ ತೆರೆದಿಡಬಹುದು, ಉಳಿದವಕ್ಕೆ ಪತ್ರ ಬರೆಯಬಹುದು.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ, ದೊಡ್ಡ ಕಟ್ಟಡ ಬೇಕಿಲ್ಲ, ದೆಹಲಿಯ ಅಪ್ಪಣೆ ಬೇಕಿಲ್ಲ. ಆಯಾ ವಿಶ್ವವಿದ್ಯಾಲಯದ ಶೈಕ್ಷಣಿಕ ಪರಿಷತ್ತಿನ ಒಂದು ನಿರ್ಣಯ ಸಾಕು. ಈ ಉಪನ್ಯಾಸದ ಕೃತಿಸ್ವಾಮ್ಯವನ್ನು ನಾನು ನನ್ನಲ್ಲೇ ಇಟ್ಟುಕೊಂಡು, ಯಾರು ಬೇಕಾದರೂ ಓದಲು, ಪ್ರತಿ ತೆಗೆಯಲು, ಪಾಠ ಮಾಡಲು, ಬೇರೆ ಭಾಷೆಗೆ ತರಲು ಅನುಮತಿ ಕೊಟ್ಟಿದ್ದೇನೆ; ಆ ಪರವಾನಗಿಯನ್ನು ಪುಸ್ತಿಕೆಯ ಹಿಂಬದಿಯಲ್ಲಿ ಅಚ್ಚು ಮಾಡಲು ಪ್ರಸಾರಾಂಗ ಒಪ್ಪಿದೆ. ಮುಂದಿನ ಲೇಖನಕ್ಕೆ ಸಹಿ ಹಾಕುವ ಮುನ್ನ ತಾವೆಲ್ಲರೂ ಆ ಕಾಗದವನ್ನು ಗ್ರಂಥಾಲಯಕ್ಕೆ ತಂದು ಒಮ್ಮೆ ಓದಿಸಿಕೊಳ್ಳಿ ಎಂದು ವಿನಂತಿಸುತ್ತೇನೆ.